ಕಣ್ಣೀರೂ ಕಾಯಿಲೆ ಹೇಳುತ್ತದೆ



ಶಿಕಾರಿಪುರ, ಸೊರಬದ ಕಡೆ ನಾವು ಸೌದೆ ಒಲೆಯ ಹೊಗೆ, ಮೆಕ್ಕೆಜೋಳದ ಧೂಳು, ಭತ್ತದ ಹೊಟ್ಟಿನ ನಡುವೆ ದುಡಿಯುವವರು. ಕಣ್ಣು ಉರಿದರೆ ಸೆರಗಿನಲ್ಲಿ ಒರೆಸಿ ಸುಮ್ಮನಾಗ್ತೀವಿ. ಕಣ್ಣು ಒಣಗಿ ಮೇಲ್ಪದರದಲ್ಲಿ ಉರಿಯೂತ ಆದಾಗ ಕಣ್ಣೀರಲ್ಲಿ ಎಂಎಂಪಿ-9 ಎಂಬ ಪ್ರೋಟೀನ್ ಹೆಚ್ಚಾಗಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದ ಸಂಶೋಧಕರು ಸಣ್ಣ ಕಾಗದದ ಪಟ್ಟಿಯಲ್ಲಿ ಕಣ್ಣೀರು ಹೀರಿಸಿ ಇಂಥ ಗುರುತುಗಳನ್ನು ಅಳೆದಿದ್ದಾರೆ.

ನಮಗೆ ಮೊದಲು ಬೇಕಾದ್ದು ಎಚ್ಚರ. ಹೊಟ್ಟು ಬಿದ್ದರೆ ಉಜ್ಜದೆ ಶುದ್ಧ ನೀರಲ್ಲಿ ತೊಳೆಯೋಣ. ಸೊಪ್ಪಿನ ರಸ, ಎದೆಹಾಲು ಬಿಡೋದು ಬೇಡ. ಡಾಕ್ಟರನ್ನು ಕೇಳದೆ ತಂದ ಸ್ಟೀರಾಯ್ಡ್ ಹನಿ ಉರಿ ತಗ್ಗಿಸಿದರೂ, ಶಿಲೀಂಧ್ರದ ಹುಣ್ಣಿದ್ದರೆ ದೃಷ್ಟಿಯೇ ಹೋಗಬಹುದು. ಕಣ್ಣು ಕೆಂಪಾಗಿ ನೋವಿದ್ದರೆ, ಮಂಜಾದರೆ ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಹೋಗೋಣ. ಬಸ್ ಚಾರ್ಜಿಗೆ ಕಾಸಿಲ್ಲದ ಅಕ್ಕನಿಗೆ ಸಂಘದ ಉಳಿತಾಯದಿಂದ ಸಾಲ ಕೊಡೋಣ.