ಚರ್ಮಕ್ಕೂ ನರಕ್ಕೂ ಇರುವ ನಂಟು

ಭರತಮುನಿ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸಿದ್ದಾನೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಇವುಗಳಲ್ಲಿ ಬೆವರುವುದು, ನವಿರೇಳುವುದು, ಬಣ್ಣಗೆಡುವುದು ಚರ್ಮದಲ್ಲಿ ಕಾಣುವಂಥವು. ಮರಗಟ್ಟುವುದು, ನಡುಗುವುದು, ಮೂರ್ಛೆಹೋಗುವುದು ನರಮಂಡಲಕ್ಕೆ ಸೇರಿದವು. ಭರತನು ಅವನ್ನು ಬೇರ್ಪಡಿಸದೆ ಒಂದೇ ಸಾಲಿನಲ್ಲಿ ಕೂರಿಸಿದ್ದಾನೆ. ಆಧುನಿಕ ವಿಜ್ಞಾನವನ್ನೆಲ್ಲ ನಮ್ಮ ಹಿರಿಯರು ಮೊದಲೇ ಕಂಡಿದ್ದರೆಂದು ಸಾಧಿಸುವ ಚಪಲ ನನಗಿಲ್ಲ. ಆದರೂ ಚರ್ಮವನ್ನೂ ನರವನ್ನೂ ಒಟ್ಟಿಗೆ ನೋಡುವ ಆ ದೃಷ್ಟಿ, ನಾನಿಂದು ಹೇಳಹೊರಟಿರುವ ಒಂದು ವ್ಯಾಧಿಯನ್ನು ಅರಿಯುವುದಕ್ಕೆ ಅಗತ್ಯವಾದದ್ದು.

ಆ ವ್ಯಾಧಿಯ ಹೆಸರು ಬುಲ್ಲಸ್ ಪೆಂಫಿಗಾಯ್ಡ್. ನಮ್ಮ ಭಾಷೆಯಲ್ಲಿ ಇದಕ್ಕೆ ಹೆಸರಿಲ್ಲ. ಗ್ರೀಕಿನಲ್ಲಿ ಪೆಂಫಿಕ್ಸ್ ಎಂದರೆ ಗುಳ್ಳೆ. ಪೆಂಫಿಗಸ್ ಎಂಬ ಬೇರೊಂದು ಗುಳ್ಳೆರೋಗವನ್ನು ಹೋಲುವುದರಿಂದ ಇದು ಪೆಂಫಿಗಾಯ್ಡ್ ಆಯಿತು. ಇವೆರಡೂ ಬೇರೆಬೇರೆ ರೋಗಗಳೆಂದು 1953ರಲ್ಲಿ ಸ್ಪಷ್ಟಪಡಿಸಿದವರು ವಾಲ್ಟರ್ ಲಿವರ್ ಎಂಬ ವೈದ್ಯರು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಪೆಂಫಿಗಸ್. ಅದು ನಡುವಯಸ್ಸಿನವರನ್ನೂ ಬಿಡದು, ಅದರ ಗುಳ್ಳೆ ತೆಳುವಾಗಿ ಬೇಗ ಒಡೆಯುತ್ತದೆ. ಪೆಂಫಿಗಾಯ್ಡ್ ಬಹುಮಟ್ಟಿಗೆ ಮುಪ್ಪಿನ ರೋಗ. ಇದರ ಗುಳ್ಳೆ ದಪ್ಪ, ಬಿಗಿ. ಗುಳ್ಳೆ ಏಳುವುದಕ್ಕೆ ವಾರಗಳ, ಕೆಲವೊಮ್ಮೆ ತಿಂಗಳುಗಳ ಮೊದಲೇ ಘೋರವಾದ ತುರಿಕೆ ಆರಂಭವಾಗುತ್ತದೆ.

ನನ್ನ ಅಕ್ಕನ ಯಜಮಾನರಿಗೆ ಆದದ್ದು ಇದೇ. ಆಗ ಅವರಿಗೆ ಎಪ್ಪತ್ತೆಂಟು ವರ್ಷ. ಎರಡು ವರ್ಷದ ಹಿಂದೆ ಬಲಭಾಗಕ್ಕೆ ಲಕ್ವ ಹೊಡೆದು ಮಾತು ನಿಂತಿತ್ತು. ಎಡಗೈಯಿಂದ ರಾತ್ರಿಯೆಲ್ಲ ಮೈ ಕೆರೆದುಕೊಳ್ಳುತ್ತಿದ್ದರು. ಚಳಿಗಾಲದ ಒಣಚರ್ಮವೆಂದು ಮನೆಯವರು ಎಣ್ಣೆ ಹಚ್ಚಿದರು, ಬೇವಿನ ಸೊಪ್ಪು ಕುದಿಸಿದ ನೀರು ಹೊಯ್ದರು. ಹೊಟ್ಟೆ, ತೊಡೆಗಳ ಮೇಲೆ ಗುಳ್ಳೆಗಳೆದ್ದಾಗ ನೆರೆಮನೆಯವರು ಸರ್ಪಸುತ್ತು ಎಂದರು, ಕೆಮ್ಮಣ್ಣು ಹಚ್ಚಿರೆಂದರು. ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಪಾರ್ಶ್ವದಲ್ಲಿ ಪಟ್ಟಿಯಂತೆ ಏಳುತ್ತದೆ. ಇದು ಎರಡೂ ಕಡೆ ಎದ್ದಿತ್ತು. ಕೊನೆಗೆ ಕಂಡ ಚರ್ಮವೈದ್ಯರು ಗುಳ್ಳೆಯ ವಿಚಾರಕ್ಕೆ ಮೊದಲು, “ಲಕ್ವ ಆಗಿ ಎಷ್ಟು ದಿನವಾಯಿತಮ್ಮ?” ಎಂದು ಅಕ್ಕನನ್ನು ಕೇಳಿದರಂತೆ. ಅಕ್ಕನಿಗೆ ಆ ಪ್ರಶ್ನೆ ವಿಚಿತ್ರವಾಗಿ ಕಂಡಿತು. ನನ್ನನ್ನು ಈ ವಿಷಯದ ಓದಿಗೆ ಹಚ್ಚಿದ್ದು ಆ ಪ್ರಶ್ನೆಯೇ.

ವೈದ್ಯರು ಹಾಗೆ ಕೇಳಿದ್ದು ಸಕಾರಣವಾಗಿ. ಪೆಂಫಿಗಾಯ್ಡ್ ಬಂದ ವೃದ್ಧರಲ್ಲಿ ಸುಮಾರು ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಜನರಿಗೆ ಯಾವುದಾದರೊಂದು ನರರೋಗ ಇರುತ್ತದೆಂದು ಹಲವು ದೇಶಗಳ ಪರಿಶೀಲನೆಗಳು ತೋರಿಸಿವೆ: ಪಾರ್ಶ್ವವಾಯು, ಪಾರ್ಕಿನ್ಸನ್ನರ ಕಂಪವಾತ, ಮೂರ್ಛೆರೋಗ, ನಾವು ಅರಳುಮರಳೆಂದು ಹಗುರವಾಗಿ ಕರೆದು ಸುಮ್ಮನಾಗುವ ಮರೆವಿನ ರೋಗ. ಮುಪ್ಪಿನಲ್ಲಿ ಎಲ್ಲ ರೋಗಗಳೂ ಒಟ್ಟಿಗೆ ಬರುವುದು ಸಹಜವಲ್ಲವೆ ಎಂದು ನೀವು ಕೇಳಬಹುದು. ಅದೇ ವಯಸ್ಸಿನ ಇತರರೊಡನೆ ಹೋಲಿಸಿ ನೋಡಿದಾಗಲೂ ನಂಟು ಅಳಿಯಲಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ, ಯೌವನದಲ್ಲೇ ತಲೆದೋರುವ ನರರೋಗದೊಡನೆ ಅದು ಇನ್ನೂ ಗಾಢವಾಗಿದೆ. ಹೆಚ್ಚಿನವರಲ್ಲಿ ನರರೋಗ ಮೊದಲು ಬರುತ್ತದೆ, ಗುಳ್ಳೆ ಅನಂತರ.

ಇದರ ಕಾರಣವನ್ನು ಅರಿಯಲು ಚರ್ಮದ ಹೊಲಿಗೆಯನ್ನು ನೋಡಬೇಕು. ಮೇಲ್ಚರ್ಮವನ್ನು ಒಳಚರ್ಮಕ್ಕೆ ಬಿಗಿದಿಡುವ ಅತಿಸೂಕ್ಷ್ಮ ಗುಂಡಿಗಳಿವೆ. ಅವುಗಳಲ್ಲಿರುವ ಎರಡು ಪ್ರೋಟೀನುಗಳಿಗೆ ಬಿಪಿ 180, ಬಿಪಿ 230 ಎಂದು ಹೆಸರು. (ಇಲ್ಲಿ ಬಿಪಿ ಎಂದರೆ ರಕ್ತದೊತ್ತಡವಲ್ಲ, ರೋಗದ ಹೆಸರಿನ ಮೊದಲಕ್ಷರಗಳು.) ಹೊರಗಿನ ಶತ್ರುವಿಗಾಗಿ ಸಿದ್ಧವಾಗಬೇಕಾದ ಪ್ರತಿಕಾಯಗಳು ಈ ಸ್ವಂತ ಪ್ರೋಟೀನುಗಳ ಮೇಲೆ ತಿರುಗಿಬಿದ್ದಾಗ ಹೊಲಿಗೆ ಬಿಚ್ಚುತ್ತದೆ, ನಡುವೆ ನೀರು ತುಂಬುತ್ತದೆ. ಈ ಪ್ರೋಟೀನುಗಳು ಚರ್ಮಕ್ಕೇ ಮೀಸಲಲ್ಲ, ನರಮಂಡಲದಲ್ಲೂ ಇವೆ. ಬಿಪಿ 230ಕ್ಕಂತೂ ಒಂದೇ ಜೀನಿನಿಂದ ಹುಟ್ಟಿದ, ನರಕೋಶಗಳಲ್ಲಿ ಕೆಲಸ ಮಾಡುವ ಬೇರೆ ರೂಪವೇ ಉಂಟು.

ಇದು ಬೆಳಕಿಗೆ ಬಂದದ್ದು ಇಲಿಗಳಿಂದ. ಹುಟ್ಟಿದ ಕೆಲವೇ ವಾರಗಳಲ್ಲಿ ಕೈಕಾಲು ತಿರುಚಿಕೊಂಡು, ನಡೆ ತಪ್ಪುವ ಒಂದು ಇಲಿಯ ತಳಿಯನ್ನು ವಿಜ್ಞಾನಿಗಳು 1960ರ ದಶಕದಿಂದ ಬಲ್ಲರು. 1995ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಎಲೇನ್ ಫುಕ್ಸ್ ಮತ್ತು ಸಂಗಡಿಗರು ಬಿಪಿ 230ರ ಜೀನನ್ನು ಇಲಿಗಳಲ್ಲಿ ಕೆಡಿಸಿ ನೋಡಿದರು. ಅವರ ಕ್ಷೇತ್ರ ಚರ್ಮ. ಆ ಇಲಿಗಳ ಚರ್ಮ ತುಸು ದುರ್ಬಲವಾಯಿತೇನೋ ನಿಜ. ಆದರೆ ಅವುಗಳ ಕೈಕಾಲುಗಳೂ ಆ ಹಳೆಯ ತಳಿಯವುಗಳಂತೆ ತಿರುಚಿಕೊಂಡವು, ಸಂವೇದನಾ ನರಗಳು ನಶಿಸಿದವು. ಭ್ರೂಣದಲ್ಲಿ ಮೇಲ್ಚರ್ಮವೂ ಮಿದುಳೂ ಹುಟ್ಟುವುದು ಒಂದೇ ಹೊರಪದರದಿಂದ ಎಂಬುದನ್ನು ನೆನೆದರೆ ಈ ಹಂಚಿಕೆ ಅಷ್ಟೇನೂ ಸೋಜಿಗವಲ್ಲ.

ನರರೋಗದಿಂದ ಮಿದುಳಿಗೆ ಪೆಟ್ಟಾದಾಗ ಅಲ್ಲಿಯವರೆಗೆ ಮರೆಯಲ್ಲಿದ್ದ ಈ ಪ್ರೋಟೀನುಗಳು ರಕ್ಷಣಾವ್ಯವಸ್ಥೆಯ ಕಣ್ಣಿಗೆ ಬೀಳುತ್ತವೆ, ಅವುಗಳ ವಿರುದ್ಧ ಸಿದ್ಧವಾದ ಪ್ರತಿಕಾಯಗಳು ಮುಂದೆ ಚರ್ಮವನ್ನೂ ಹಿಡಿಯುತ್ತವೆ ಎಂಬುದು ಈಗ ಹೆಚ್ಚು ಮನ್ನಣೆ ಪಡೆದಿರುವ ಊಹೆ. ಊಹೆ ಎಂದೇ ಹೇಳಬೇಕು. ಏಕೆಂದರೆ ಇಂಥ ಪ್ರತಿಕಾಯಗಳು ರಕ್ತದಲ್ಲಿದ್ದೂ ಒಂದು ಗುಳ್ಳೆಯೂ ಏಳದ ನರರೋಗಿಗಳಿದ್ದಾರೆ. ಔಷಧಗಳ ಪಾತ್ರವೂ ಉಂಟು. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಪ್ಟಿನ್ ಗುಂಪಿನ ಗುಳಿಗೆಗಳು ಈ ರೋಗವನ್ನು ತರಬಲ್ಲವೆಂಬುದು ಈಚಿನ ವರ್ಷಗಳಲ್ಲಿ ಖಚಿತವಾಗಿದೆ. ನಮ್ಮಲ್ಲಿ ಅವನ್ನು ನುಂಗುವವರು ಬಹಳ. ತಾವಾಗಿ ನಿಲ್ಲಿಸದೆ, ಗುಳಿಗೆಯ ಚೀಟಿಯನ್ನು ಚರ್ಮವೈದ್ಯರಿಗೂ ತೋರಿಸುವುದು ಲೇಸು.

ರೋಗವನ್ನು ಗುರುತಿಸಲು ಗುಳ್ಳೆಯ ಪಕ್ಕದ ಚರ್ಮದ ಚೂರನ್ನು ವಿಶೇಷ ದೀಪ್ತಿಪರೀಕ್ಷೆಗೆ ಒಳಪಡಿಸುತ್ತಾರೆ. ಮಾತಾಡಬಲ್ಲ ವೃದ್ಧರು ತುರಿಕೆಯೆಂದು ಗೊಣಗಿಯಾರು, ಮನೆಯವರು ವೈದ್ಯರ ಬಳಿ ಕರೆದೊಯ್ದಾರು. ಮಾತು ನಿಂತವರ, ಮರೆವು ಕವಿದವರ ತುರಿಕೆಯನ್ನು ಅವರ ಹಾಸಿಗೆಯ ಮೇಲಿನ ರಕ್ತದ ಕಲೆಗಳಿಂದ ಓದಬೇಕಾಗುತ್ತದೆ.

ಸ್ಟೀರಾಯ್ಡ್ ಗುಳಿಗೆಗಳೇ ಬಹುಕಾಲ ಮುಖ್ಯ ಚಿಕಿತ್ಸೆಯಾಗಿದ್ದವು. 2002ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗವೊಂದು ಆ ಎಣಿಕೆಯನ್ನು ಬದಲಿಸಿತು. ರೋಗ ಮೈತುಂಬ ಹರಡಿದವರಲ್ಲಿ ಗುಳಿಗೆ ನುಂಗಿದವರ ಪೈಕಿ ವರ್ಷದ ಕೊನೆಗೆ ಬದುಕಿದ್ದವರು ನೂರಕ್ಕೆ 58. ಅದೇ ಜಾತಿಯ ತೀಕ್ಷ್ಣ ಮುಲಾಮನ್ನು ಮೈಗೆ ಹಚ್ಚಿಸಿಕೊಂಡವರಲ್ಲಿ 76. ದಿನಕ್ಕೆ 40 ಗ್ರಾಂ ಮುಲಾಮು, ತಿಂಗಳುಗಟ್ಟಲೆ. ಕೈನಡುಗುವವರು, ಒಂದು ಭಾಗ ಬಿದ್ದವರು ಅದನ್ನು ತಾವೇ ಬೆನ್ನಿಗೆ ಹಚ್ಚಿಕೊಳ್ಳಲಾರರು. ನಮ್ಮ ಮನೆಯಲ್ಲಿ ಅಕ್ಕ ಬೆಳಿಗ್ಗೆ ಹಚ್ಚುತ್ತಿದ್ದಳು, ಸಂಜೆ ಕಾಲೇಜಿನಿಂದ ಬಂದ ಮೊಮ್ಮಗ ಹಚ್ಚುತ್ತಿದ್ದ. ಮೂರನೆಯ ವಾರದ ಹೊತ್ತಿಗೆ ಭಾವನವರು ರಾತ್ರಿ ನಿದ್ರಿಸತೊಡಗಿದರು.