ನಮ್ಮ ಮನೆಯ ಬೆಚ್ಚನೆ, ನೆರೆಮನೆಯ ಒಲೆ



ಆಷಾಢದ ಮಳೆ ನಾಲ್ಕು ದಿನ ಬಿಡದೆ ಹಿಡಿದಾಗ ನಾವು ನಡುಮನೆಯಲ್ಲಿ ಕಂಬಳಿ ಹೊದೆದು ಕುಳಿತು, ಸಾರಿನ ಒಗ್ಗರಣೆಯ ವಾಸನೆಯನ್ನು ಸವಿಯುತ್ತ, ‘ಒಳ್ಳೆಯ ಮಳೆ’ ಎನ್ನುತ್ತೇವೆ. ಸೋರದ ಮಾಡು, ಒಣಗಿದ ಸೌದೆ, ಹಂಡೆಯ ತುಂಬ ಬಿಸಿನೀರು: ಇವೆಲ್ಲ ನಮ್ಮ ಯೋಗ್ಯತೆಯಿಂದಲೇ ದೊರೆತುವೆಂದು ಹೇಳುವ ಧೈರ್ಯ ನಮಗಿಲ್ಲ. ಅದೇ ಮಳೆಯಿಂದ ನೆರೆಯ ಕೂಲಿಯ ಸಂಸಾರಕ್ಕೆ ನಾಲ್ಕು ದಿನದ ಕೆಲಸ ಹೋಗಿರುತ್ತದೆ. ಕೂಲಿಯಿಲ್ಲದ ದಿನ ಅವರಿಗೆ ಹಿಟ್ಟೂ ಇಲ್ಲ.

ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬಿ ಬಾಯಿಗೆ ಮಣ್ಣು ಮುಚ್ಚುತ್ತಿದ್ದರು. ಅದು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. 1876–78ರ ಮಹಾಕ್ಷಾಮದಲ್ಲಿ ಹಗೇವುಳ್ಳವರು ಕೆಲಕಾಲ ತಡೆದರು. ಹಗೇವಿಲ್ಲದ ಕೂಲಿಯವರು ಮೊದಲು ಬಿದ್ದರು. 1871ರ ಗಣತಿಯಲ್ಲಿ 50 ಲಕ್ಷವಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿದಿತ್ತು.

ಕೊಡುವ ರೀತಿಯನ್ನು ನಮ್ಮ ಹಳ್ಳಿಯ ಹೆಂಗಸರು ದೊಡ್ಡ ದಾನಿಗಳಿಗಿಂತ ಚೆನ್ನಾಗಿ ಬಲ್ಲರು. ಹಿತ್ತಲ ಬಾಗಿಲಿಗೆ ಬಂದವಳಿಗೆ ಸೇರು ರಾಗಿ ಅಳೆದು, ಅದನ್ನು ಕಡವೆಂದೇ ಕರೆಯುತ್ತಾರೆ. ಹಿಂದಕ್ಕೆ ಬಂದೀತೆಂಬ ನಿರೀಕ್ಷೆ ಇಬ್ಬರಿಗೂ ಇರಲಾರದು. ಆದರೂ ಆ ಒಂದು ಮಾತಿನಿಂದ ಪಡೆದವಳು ತಲೆಯೆತ್ತಿ ನಡೆಯುತ್ತಾಳೆ. ಸುಗ್ಗಿಯಲ್ಲಿ ಅವಳು ಮಡಿಲಲ್ಲಿ ಅವರೆಕಾಯಿ ತಂದರೆ ಬೇಡವೆನ್ನದೆ ತೆಗೆದುಕೊಳ್ಳಬೇಕು. ಇದನ್ನು ಮರೆಯುವವರೇ ಹೆಚ್ಚು. ಕೊಟ್ಟೆವೆಂಬ ಸಂತೋಷವನ್ನೆಲ್ಲ ತಾವೇ ಇಟ್ಟುಕೊಳ್ಳುತ್ತಾರೆ.

ಇನ್ನು ಮಳೆ ಹಿಡಿದಾಗ, ಅವರು ಕೇಳಬರಲೆಂದು ಕಾಯದೆ, ನಮ್ಮ ಬೀದಿಯಲ್ಲಿ ಯಾರ ಒಲೆ ಹೊತ್ತಿಲ್ಲವೆಂಬುದನ್ನು ನಾವೇ ಹೋಗಿ ನೋಡಿಬರೋಣ. ಹೋಗುವುದಕ್ಕೆ ನೆಪ ಬೇಕಾದರೆ, ಒಂದು ಮೊರವನ್ನು ಎರವಲು ಕೇಳಬಹುದು.