ಸವಳು ನೆಲವೂ ಬಸವನಹುಳುವೂ

ರೋಣ, ನರಗುಂದ, ಗಜೇಂದ್ರಗಡಗಳ ಕಡೆಯ ಶ್ರೋತೃಗಳಿಗೆ ಸವಳು ನೆಲವೆಂಬುದು ಹೊಸ ಮಾತಲ್ಲ. ಎರೆಭೂಮಿಗೆ ಮಲಪ್ರಭೆಯ ಕಾಲುವೆಯ ನೀರು ಹರಿದು, ಬಸಿದುಹೋಗಲು ದಾರಿಯಿಲ್ಲದೆ ನಿಂತಲ್ಲಿ, ಒಳಗಿನ ಉಪ್ಪು ಮೇಲಕ್ಕೇರಿ ಹೊಲದ ಮುಖವು ಬೆಳ್ಳಗಾಗುತ್ತದೆ. ಉಪ್ಪಿನ ಜೌಗಿನಲ್ಲಿಯೇ ಬಾಳುವ ಬಸವನಹುಳುವೊಂದು ಉಂಟೆಂದು ಕೇಳಿದವರು, ಅದು ನಮ್ಮ ಸವಳಿನಲ್ಲಿಯೂ ಇದ್ದೀತೇ ಎಂದು ಯೋಚಿಸುವುದು ಸಹಜ. ಇಲ್ಲವೆಂಬುದೇ ಉತ್ತರ. ಏಕಿಲ್ಲವೆಂಬುದನ್ನು ವಿಚಾರಿಸಿದರೆ ನಮ್ಮ ಹೊಂಡದ ಹುಳುಗಳ ಪರಿಚಯವೂ ಆಗುತ್ತದೆ. ಆ ಪರಿಚಯವು ದನ ಕಟ್ಟಿದ ಮನೆಗೆ ಬೇಕಾದುದು.

ಆ ಹುಳುವಿನ ಶಾಸ್ತ್ರೀಯ ನಾಮವು ಮೆಲಾಂಪಸ್ ಬೈಡೆಂಟೇಟಸ್. ಅಮೆರಿಕದ ಥಾಮಸ್ ಸೇ ಎಂಬ ವಿದ್ವಾಂಸನು 1822ರಲ್ಲಿ ಇದನ್ನು ವರ್ಣಿಸಿದನು. ಆ ಖಂಡದ ಪೂರ್ವ ಕರಾವಳಿಯ ಜೌಗು ಹುಲ್ಲುಗಾವಲೇ ಇದರ ನೆಲೆ. ಚಿಪ್ಪು ಕಾಫಿಬೀಜದಷ್ಟು, ಬಣ್ಣ ಕಂದು. ಬಾಯಿಯ ಒಳ ಅಂಚಿನಲ್ಲಿ ಹಲ್ಲಿನಂತಹ ಎರಡು ಮಡಿಕೆಗಳಿರುವುದರಿಂದಲೇ 'ಎರಡು ಹಲ್ಲಿನದು' ಎಂಬ ಹೆಸರು. ಬೆಳೆದಂತೆ ಇದು ಚಿಪ್ಪಿನ ಒಳಗೋಡೆಗಳನ್ನು ತಾನೇ ಕರಗಿಸಿ, ಮನೆಯನ್ನು ವಿಶಾಲ ಮಾಡಿಕೊಳ್ಳುತ್ತದೆ.

ಹೊರನೋಟಕ್ಕೆ ಇದು ಸಮುದ್ರದ ಹುಳುವೇ. ಆದರೆ ಅಲ್ಲಿಯ ಅನೇಕ ನೆರೆಯವುಗಳಂತೆ ಕಿವಿರಿನಿಂದಲ್ಲ, ಶ್ವಾಸಕೋಶದಿಂದ ಉಸಿರಾಡುತ್ತದೆ. ಬಾಯಿಗೆ ಮುಚ್ಚಳವೂ ಇಲ್ಲ. ಭರತ ಬಂದಾಗ ಹುಲ್ಲಿನ ಕಡ್ಡಿಯನ್ನೇರಿ ನೀರಿನಿಂದ ಪಾರಾಗುತ್ತದೆ. ಆದರೂ ಇದರ ಮರಿಗಳು ಮೊದಲು ಕಡಲಿನಲ್ಲಿ ಈಜಬೇಕು. ಭರತ ಇಳಿತಗಳಿಲ್ಲದೆಡೆ ಇದರ ಸಂತತಿ ನಡೆಯದು. ನಮ್ಮ ಸವಳಿನಲ್ಲಿ ಉಪ್ಪುಂಟು, ಕಡಲಿಲ್ಲ.

ಹಾಗಾದರೆ ಇದರ ಬಳಗ ಯಾರು? ವರ್ಗೀಕರಣಕ್ಕೆ ನೆಲೆಗಿಂತ ಅಂಗರಚನೆಯೇ ಪ್ರಮಾಣ. ಆ ಪ್ರಮಾಣದಂತೆ ಇದು ತನ್ನ ನೆರೆಯ ಕಡಲ ಹುಳುಗಳಿಗಿಂತ ನಮ್ಮ ಹೊಂಡದ ಶ್ವಾಸಕೋಶದ ಹುಳುಗಳಿಗೇ ಹತ್ತಿರದ ನಂಟು.

ನಮ್ಮ ನಾಡಿನ ಹೊಂಡಗಳಲ್ಲಿ ಗುಂಡಾದ ದೊಡ್ಡ ಹುಳುವಿನ ಬಾಯಿಗೆ ಮುಚ್ಚಳವುಂಟು. ಬೇಸಗೆಯಲ್ಲಿ ಅದನ್ನು ಬಿಗಿದು ಕೆಸರಿನೊಳಗೆ ಮಲಗುತ್ತದೆ. ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿದ ಇನ್ನೊಂದಕ್ಕೆ ಮುಚ್ಚಳವಿಲ್ಲ. ಅದರ ರಕ್ತ ಕೆಂಪು. ಇದೇ ಇಂಡೊಪ್ಲಾನಾರ್ಬಿಸ್. ದನಗಳ ಮೂಗಿನ ರಕ್ತನಾಳಗಳಲ್ಲಿ ನೆಲಸಿ, ಉಸಿರಿಗೆ ಗೊರಕೆಯ ಸದ್ದು ತರುವ ಕ್ರಿಮಿಯು ಇದರೊಳಗೆ ಬೆಳೆದು ನೀರಿಗಿಳಿಯುತ್ತದೆ. ನೀರಿನಲ್ಲಿ ನಿಂತ ದನದ ಚರ್ಮವನ್ನು ಕೊರೆದು ಒಳಸೇರುತ್ತದೆ. ಆ ಕ್ರಿಮಿಯನ್ನು ನಮ್ಮ ದೇಶದ ರಾವ್ ಎಂಬ ವಿದ್ವಾಂಸರು 1933ರಲ್ಲಿ ವರ್ಣಿಸಿದರು. ಮುಚ್ಚಳವಿದ್ದುದೆಲ್ಲ ನಿರಪಾಯವೆಂದು ನಾವು ಹೇಳುವುದಿಲ್ಲ. ಚಕ್ಕುಲಿ ಸುತ್ತಿನ ಚಿಪ್ಪು ಕಂಡಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು.

ಅಂತಹ ಹೊಂಡಕ್ಕೆ ದನಗಳನ್ನು ಇಳಿಸದೆ, ಬಾವಿಯ ನೀರನ್ನು ಬಾನಿಯಲ್ಲಿ ಕುಡಿಸುವುದು ಲೇಸು. ದನವು ಗೊರಕೆ ಹೊಡೆಯತೊಡಗಿದರೆ ಪಶುವೈದ್ಯರಿಗೆ ತೋರಿಸಬೇಕು. ಹೊಲಕ್ಕೆ ಬಸಿಗಾಲುವೆ ತೆಗೆದರೆ ಸವಳೂ ತಗ್ಗುತ್ತದೆ, ನಿಂತ ನೀರಿನ ಹುಳುವಿಗೂ ನೆಲೆ ತಪ್ಪುತ್ತದೆ. ಒಂದೇ ಗುದ್ದಲಿಯಿಂದ ಎರಡು ಕೆಲಸ.